‘ಆಮೇಲೆ ಹಾಕಿಸಿಕೊಂಡರಾಯಿತು’

ಅರಸೀಕೆರೆ ಕಡೆಯಿಂದ ನನ್ನ ಚಿಕ್ಕಪ್ಪನ ಮಗ ಬೆಂಗಳೂರಿಗೆ ಬಂದರೆ ಜೊತೆಗೊಂದು ಚೀಲ ತೆಂಗಿನಕಾಯಿ ಬರುವುದು ವಾಡಿಕೆ. 2025ರ ಜೂನ್‌ನಲ್ಲಿ ಬಂದಾಗ ಕಾಯಿಯ ಜೊತೆಗೆ ಮಗಳೂ ಇದ್ದಳು, ಮಗಳ ಕೈಯಲ್ಲೊಂದು ಪಟ್ಟಿಯೂ ಇತ್ತು. ಎಂಜಿನಿಯರಿಂಗ್ ಸೇರಲಿದ್ದ ಹುಡುಗಿ. ಕಾಲೇಜು ಶುರುವಾಗುವುದರೊಳಗೆ ಲ್ಯಾಪ್‌ಟಾಪ್ ಬೇಕು, ಅದೂ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು ಎಂಬುದು ಅವಳ ಬೇಡಿಕೆ.

“ನೋಡಣ್ಣ, ಆಟ ಆಡೋಕೆ ಲಕ್ಷ ರೂಪಾಯಿ ಕೇಳ್ತಾಳೆ. ಈ ಸಲ ಕೊಬ್ಬರಿಗೆ ಒಳ್ಳೆ ರೇಟು ಬಂತು ಅಂತ ಇವಳಿಗೂ ಗೊತ್ತಾಗ್ಬಿಟ್ಟಿದೆ” ಎಂದ ಅಪ್ಪ.

“ಆಟಕ್ಕೆ ಮಾತ್ರ ಅಲ್ಲ ದೊಡ್ಡಪ್ಪ. ನಾಲ್ಕು ವರ್ಷ ಇದರಲ್ಲೇ ಕೆಲಸ ಆಗ್ಬೇಕು. ಈಗ ದುಡ್ಡು ಸಾಲದಿದ್ರೆ ಗ್ರಾಫಿಕ್ಸ್ ಸಣ್ಣದು ತಗೋತೀನಿ. ಆಮೇಲೆ ದೊಡ್ಡದು ಹಾಕಿಸಿಕೊಂಡರಾಯ್ತು” ಎಂದಳು ಮಗಳು.

‘ಆಮೇಲೆ ಹಾಕಿಸಿಕೊಂಡರಾಯಿತು.’ ಲ್ಯಾಪ್‌ಟಾಪ್ ಕೊಳ್ಳಲು ಹೊರಟ ಮನೆಗಳಲ್ಲೆಲ್ಲ ಕೇಳಿಬರುವ ಮಾತು ಇದು. ಈ ಮಾತು ಅರ್ಧ ನಿಜ, ಅರ್ಧ ಸುಳ್ಳು. ಯಾವ ಅರ್ಧ ನಿಜ ಎಂದು ತಿಳಿಯದೆ ಹಣ ಕಟ್ಟಿದವರು ಎರಡು ವರ್ಷದೊಳಗೆ ಪರಿತಪಿಸುತ್ತಾರೆ. ಹಾಗೆ ಪರಿತಪಿಸಿದವರಲ್ಲಿ ಈ ಲೇಖಕನೂ ಒಬ್ಬ. ಕೆಲವು ವರ್ಷಗಳ ಹಿಂದೆ 8 ಜಿ.ಬಿ. ರ‍್ಯಾಮ್ ಇದ್ದ ತೆಳ್ಳನೆಯ ಲ್ಯಾಪ್‌ಟಾಪೊಂದನ್ನು ಕೊಂಡು, ಆಮೇಲೆ ಇನ್ನೊಂದು 8 ಹಾಕಿಸೋಣವೆಂದು ರಿಪೇರಿಯವನ ಬಳಿ ಒಯ್ದೆ. ಅವನು ತಳದ ಮುಚ್ಚಳ ತೆಗೆದು ತೋರಿಸಿದ. ರ‍್ಯಾಮ್ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸೆದಿದ್ದರು. ಹೊಸದನ್ನು ಕೂರಿಸಲು ಜಾಗವೇ ಇರಲಿಲ್ಲ.

ಪಾಯ ಮತ್ತು ಬೀರು

ಮನೆ ಕಟ್ಟಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೀರು, ಮಂಚ, ಪರದೆಗಳನ್ನು ಮುಂದಿನ ವರ್ಷ ತರಬಹುದು. ಪಾಯವನ್ನು ಮಾತ್ರ ಮತ್ತೆ ತೋಡಿಸಲಾಗದು. ಲ್ಯಾಪ್‌ಟಾಪಿನಲ್ಲೂ ಪಾಯದ ಭಾಗಗಳು ಬೇರೆ, ಬೀರುವಿನಂಥ ಭಾಗಗಳು ಬೇರೆ.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಡಿಸ್ಕ್ ಎಲ್ಲವೂ ತಮ್ಮ ತಮ್ಮ ಸಾಕೆಟ್ಟಿನಲ್ಲಿ ಕೂತಿರುತ್ತವೆ. ಬೇಡವಾದ್ದನ್ನು ಕಿತ್ತು ಹೊಸದನ್ನು ಕೂರಿಸಬಹುದು. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ, ಶಾಖ ಹೆಚ್ಚು. ಹಿಂದೆ ಲ್ಯಾಪ್‌ಟಾಪುಗಳಲ್ಲೂ ಸಾಕೆಟ್ಟಿನ ಪ್ರೊಸೆಸರ್ ಬರುತ್ತಿತ್ತು. ಇಂಟೆಲ್‌ನ ನಾಲ್ಕನೆಯ ತಲೆಮಾರಿನ, ಅಂದರೆ 2013ರ ಚಿಪ್‌ಗಳ ನಂತರ ಆ ಪದ್ಧತಿ ನಿಂತುಹೋಯಿತು. ಈಗ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ.

ಗ್ರಾಫಿಕ್ಸ್ ಚಿಪ್‌ನ ಕಥೆ ಇನ್ನೂ ಸ್ವಾರಸ್ಯಕರ. ಅದನ್ನು ಬದಲಿಸುವಂತೆ ಮಾಡಲು ಎನ್‌ವಿಡಿಯಾ ಕಂಪನಿ 2004ರಲ್ಲೇ ‘ಎಂಎಕ್ಸ್‌ಎಂ’ ಎಂಬ ಪುಟ್ಟ ಕಾರ್ಡಿನ ಮಾದರಿಯನ್ನು ತಂದಿತ್ತು. ಕೆಲವು ದಪ್ಪ ಲ್ಯಾಪ್‌ಟಾಪುಗಳು ಅದನ್ನು ಬಳಸಿದವು. ಆದರೆ ಕಾಲಕ್ರಮೇಣ ಅದು ಮೂಲೆಗೆ ಸರಿಯಿತು. 2019ರಲ್ಲಿ ಡೆಲ್‌ನ ಏಲಿಯನ್‌ವೇರ್ ವಿಭಾಗ ‘ಏರಿಯಾ-51ಎಂ’ ಎಂಬ ಭಾರಿ ಲ್ಯಾಪ್‌ಟಾಪನ್ನು ತಂದು, ಇದರ ಪ್ರೊಸೆಸರ್ ಹಾಗೂ ಗ್ರಾಫಿಕ್ಸ್ ಎರಡನ್ನೂ ಬದಲಿಸಬಹುದು ಎಂದು ಪ್ರಚಾರ ಮಾಡಿತು. ಮರುವರ್ಷ ಬಂದ ಹೊಸ ಚಿಪ್‌ಗಳು ಅದಕ್ಕೆ ಹೊಂದಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಈ ಬಗ್ಗೆ ನ್ಯಾಯಾಲಯದಲ್ಲಿ ದಾವೆಯೂ ಹೂಡಲಾಯಿತು. ಇದಕ್ಕೆ ಅಪವಾದವೂ ಉಂಟು. ಸ್ಯಾನ್‌ಫ್ರಾನ್ಸಿಸ್ಕೊದ ಫ್ರೇಮ್‌ವರ್ಕ್ ಎಂಬ ಕಂಪನಿ 2024ರಲ್ಲಿ ಮಾರಾಟಕ್ಕೆ ತಂದ 16 ಅಂಗುಲದ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಭಾಗವನ್ನು ಹಿಂದಿನಿಂದ ಕಳಚಬಹುದು. ಅದೇ ಲ್ಯಾಪ್‌ಟಾಪಿಗೆ ಕೂರುವ ಹೊಸ ಆರ್‌ಟಿಎಕ್ಸ್ 5070 ಭಾಗವನ್ನು 2025ರಲ್ಲಿ ಪ್ರಕಟಿಸಿ ಕಂಪನಿ ಮಾತು ಉಳಿಸಿಕೊಂಡಿತು. ಆದರೆ ಅಂಗಡಿಯಲ್ಲಿ ಕಾಣುವ ನೂರಾರು ಮಾದರಿಗಳ ನಡುವೆ ಇಂಥವು ಅಪರೂಪ.

ಹೀಗಾಗಿ ಹುಡುಗಿಗೆ ಮೊದಲು ಹೇಳಿದ್ದು ಇಷ್ಟೇ: “ಗ್ರಾಫಿಕ್ಸ್ ಆಮೇಲೆ ಹಾಕಿಸ್ಕೊಳ್ಳೋಕೆ ಆಗಲ್ಲಮ್ಮ. ಇವತ್ತು ತಗೊಂಡಿದ್ದೇ ನಾಲ್ಕು ವರ್ಷಕ್ಕೂ.”

ಪಟ್ಟಿ ತಿರುವುಮುರುವಾಯಿತು

ಕಂಪನಿಯ ತಾಣದಲ್ಲಿ ಭಾಗಗಳನ್ನು ಒಂದೊಂದಾಗಿ ಆರಿಸುತ್ತ ಹೋದಂತೆ ಕೆಳಗೆ ಬೆಲೆ ಏರುತ್ತ ಹೋಗುತ್ತದೆ. ಅವಳ ಪಟ್ಟಿಯಲ್ಲಿ ಇದ್ದದ್ದು 6 ಜಿ.ಬಿ.ಯ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್, 32 ಜಿ.ಬಿ. ರ‍್ಯಾಮ್, ಒಂದು ಟೆರಾಬೈಟ್ ಎಸ್‌ಎಸ್‌ಡಿ ಮತ್ತು ಒಂದೊಂದು ಗುಂಡಿಗೂ ಒಂದೊಂದು ಬಣ್ಣ ಬೆಳಗುವ ಕೀಲಿಮಣೆ. ಬದಲಿಸಲಾಗದ ಕಡೆ ಉಳಿತಾಯ, ಬದಲಿಸಬಹುದಾದ ಕಡೆ ಧಾರಾಳ! ನಾವು ಅದನ್ನು ತಿರುವುಮುರುವು ಮಾಡಿದೆವು. 8 ಜಿ.ಬಿ.ಯ ಆರ್‌ಟಿಎಕ್ಸ್ 4060 ಇರಲಿ, ರ‍್ಯಾಮ್ 16 ಜಿ.ಬಿ.ಯ ಒಂದೇ ಪಟ್ಟಿ ಸಾಕು, ಎಸ್‌ಎಸ್‌ಡಿ 512 ಜಿ.ಬಿ. ಸಾಕು, ಬಣ್ಣದ ದೀಪ ಬೇಡ. ಮೊತ್ತ ಹೆಚ್ಚುಕಡಿಮೆ ಅಷ್ಟೇ ಆಯಿತು.

ಗ್ರಾಫಿಕ್ಸ್ ಆರಿಸುವಾಗ ಹೆಸರು ನೋಡಿ ಮೋಸಹೋಗಬಾರದು. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ 24 ಜಿ.ಬಿ. ಮೆಮೊರಿ, ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ನಲ್ಲಿ 16 ಜಿ.ಬಿ. ಹೆಸರೊಂದೇ, ಒಳಗಿನ ಚಿಪ್ ಬೇರೆ. ಇನ್ನೂ ಮುಖ್ಯವಾದ ಸಂಗತಿ ವ್ಯಾಟ್. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್‌ಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರೇ ನಿರ್ಧರಿಸುತ್ತಾರೆ. ತೆಳ್ಳನೆಯ ಪೆಟ್ಟಿಗೆಯಲ್ಲಿ ಶಾಖ ಹೊರಹೋಗದು, ಹಾಗಾಗಿ ವ್ಯಾಟ್ ಕಡಿಮೆ ಇಡುತ್ತಾರೆ. ಒಂದೇ ಹೆಸರಿನ ಎರಡು ಲ್ಯಾಪ್‌ಟಾಪುಗಳಲ್ಲಿ ಆಟ ಒಂದರಲ್ಲಿ ಸರಾಗವಾಗಿ, ಇನ್ನೊಂದರಲ್ಲಿ ಕುಂಟುತ್ತ ಓಡುವುದಕ್ಕೆ ಇದೇ ಕಾರಣ. ‘ಗ್ರಾಫಿಕ್ಸ್ ಯಾವುದು?’ ಎಂಬುದರ ಜೊತೆಗೆ ‘ಎಷ್ಟು ವ್ಯಾಟಿನದು?’ ಎಂದೂ ಅಂಗಡಿಯವರನ್ನು ಕೇಳಬೇಕು.

ಗ್ರಾಫಿಕ್ಸ್‌ನ ಸ್ವಂತ ಮೆಮೊರಿಯೂ ಆಮೇಲೆ ಹೆಚ್ಚುವಂಥದ್ದಲ್ಲ. ಹೊಸ ಆಟಗಳಿಗೂ ಮೂರು ಆಯಾಮದ ವಿನ್ಯಾಸಕ್ಕೂ ಕೃತಕ ಬುದ್ಧಿಮತ್ತೆಯ ಸಣ್ಣಪುಟ್ಟ ಪ್ರಯೋಗಗಳಿಗೂ ಮೊದಲು ಸಾಲದಾಗುವುದು ಇದೇ. 6 ಮತ್ತು 8 ಜಿ.ಬಿ. ನಡುವೆ ಆಯ್ಕೆ ಇದ್ದರೆ 8 ಲೇಸು.

ಪರದೆಯೂ ಪಾಯದ ಕಡೆಗೇ ಸೇರುತ್ತದೆ. ಅದನ್ನು ಬದಲಿಸಲು ಬಾರದೆಂದಲ್ಲ, ದುಬಾರಿ. ‘45% ಎನ್‌ಟಿಎಸ್‌ಸಿ’ ಎಂದು ಬರೆದಿದ್ದರೆ ಬಣ್ಣಗಳು ಪೇಲವ ಎಂದು ತಿಳಿಯಬೇಕು. ಚಿತ್ರ, ವಿನ್ಯಾಸದ ಕೆಲಸವಿರುವವರು ‘100% ಎಸ್‌ಆರ್‌ಜಿಬಿ’ ಎಂದಿರುವುದನ್ನು ಹುಡುಕಲಿ. ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ ಪರದೆ ಗೇಮಿಂಗ್ ಮಾದರಿಗಳಲ್ಲಿ ಈಗ ಸಾಮಾನ್ಯ. ಮಧ್ಯಮ ಗ್ರಾಫಿಕ್ಸ್‌ಗೆ 4ಕೆ ಪರದೆ ಹೊರಲಾರದ ಹೊರೆ.

ಬದಲಾಗುವ ಭಾಗಗಳು

ನಿಜವಾಗಿ ಆಮೇಲೆ ಹಾಕಿಸಿಕೊಳ್ಳಬಹುದಾದವು ಮುಖ್ಯವಾಗಿ ಎರಡು: ರ‍್ಯಾಮ್ ಮತ್ತು ಎಸ್‌ಎಸ್‌ಡಿ. ಅದೂ ಅವುಗಳಿಗೆ ಸ್ಲಾಟ್ ಇದ್ದರೆ ಮಾತ್ರ.

ರ‍್ಯಾಮ್ ವಿವರದಲ್ಲಿ ‘ಎಲ್‌ಪಿಡಿಡಿಆರ್’ ಎಂದಿದ್ದರೆ ಸಾಮಾನ್ಯವಾಗಿ ಅದು ಬೆಸೆದ ರ‍್ಯಾಮ್. ‘ಎಸ್‌ಒ-ಡಿಮ್’ ಎಂದಿದ್ದರೆ ಸ್ಲಾಟಿನದು. ಡಿಡಿಆರ್4 ಪಟ್ಟಿಗೆ 260 ಪಿನ್, ಡಿಡಿಆರ್5ಕ್ಕೆ 262. ಕಚ್ಚಿನ ಜಾಗವೂ ಬೇರೆ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಒಂದು ಪಟ್ಟಿಗಿಂತ ಎರಡು ಪಟ್ಟಿ ಇದ್ದರೆ ಪ್ರೊಸೆಸರಿಗೆ ಮಾಹಿತಿ ಹರಿಯಲು ದಾರಿ ಎರಡರಷ್ಟು ಅಗಲವಾಗುತ್ತದೆ, ಆಟದ ವೇಗವೂ ಹೆಚ್ಚುತ್ತದೆ. ನಾವು ಒಂದೇ ಪಟ್ಟಿ ಆರಿಸಿದ್ದರಿಂದ ಮೊದಲ ಕೆಲವು ತಿಂಗಳು ಆ ವೇಗ ಸಿಗಲಿಲ್ಲ. 8 ಜಿ.ಬಿ.ಯ ಎರಡು ಪಟ್ಟಿ ಆರಿಸಿದ್ದರೆ ವೇಗ ಆಗಲೇ ಸಿಗುತ್ತಿತ್ತು. ಆದರೆ ಮುಂದೆ ಹೆಚ್ಚಿಸುವಾಗ ಎರಡನ್ನೂ ಕಿತ್ತು ಪಕ್ಕಕ್ಕಿಡಬೇಕಾಗುತ್ತಿತ್ತು.

ಎಸ್‌ಎಸ್‌ಡಿ ಎಂದರೆ ಬಬಲ್‌ಗಮ್ ಪಟ್ಟಿಯಂಥ ಒಂದು ಹಲಗೆ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ್ದು ಹೆಚ್ಚು ಬಳಕೆಯಲ್ಲಿದೆ, 42 ಮಿ.ಮೀ. ಉದ್ದದ್ದೂ ಉಂಟು. ಯಾವುದು ಹಿಡಿಸುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಹಳೆಯ ಸಾಟಾ ಮಾದರಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಿದರೆ, ನಾಲ್ಕನೆಯ ತಲೆಮಾರಿನ ಎನ್‌ವಿಎಂಇ ಮಾದರಿ 7,000ದ ತನಕ ಓದಬಲ್ಲದು. ವೇಗಕ್ಕಿಂತ ಜಾಗದ ಚಿಂತೆಯೇ ದೊಡ್ಡದು. 2023ರ ‘ಬಾಲ್ಡರ್ಸ್ ಗೇಟ್ 3’ ಆಟ ಒಂದಕ್ಕೇ 150 ಜಿ.ಬಿ. ಜಾಗ ಬೇಕು. ಎರಡನೆಯ ಎಸ್‌ಎಸ್‌ಡಿ ಸ್ಲಾಟ್ ಖಾಲಿ ಇದ್ದರೆ ಹಳೆಯದನ್ನು ಮುಟ್ಟದೆಯೇ ಹೊಸದನ್ನು ಸೇರಿಸಬಹುದು.

ಕೊಳ್ಳುವ ಮೊದಲು ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ಲನ್ನು ಕಂಪನಿಯ ತಾಣದಲ್ಲಿ ಹುಡುಕಿ ಓದುವುದು ಒಳ್ಳೆಯದು. ಸ್ಲಾಟ್ ಎಷ್ಟು, ಗರಿಷ್ಠ ಎಷ್ಟು ರ‍್ಯಾಮ್, ಬ್ಯಾಟರಿ ಬದಲಿಸಬಹುದೆ ಎಂಬುದೆಲ್ಲ ಅದರಲ್ಲಿರುತ್ತದೆ. ನಾವೇ ಮುಚ್ಚಳ ತೆಗೆದರೆ ವಾರಂಟಿ ಉಳಿಯುತ್ತದೆಯೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಲದು. ಇ-ಮೇಲ್‌ನಲ್ಲಿ ಉತ್ತರ ಪಡೆಯಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ತಾಣವೊಂದನ್ನು ತೆರೆದಿದೆ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನಿಜಕ್ಕೂ ಬೇಕೆ?

ಅಪ್ಪನ ಪ್ರಶ್ನೆಯನ್ನೂ ತಳ್ಳಿಹಾಕುವಂತಿಲ್ಲ. ಪ್ರೋಗ್ರಾಮ್ ಬರೆಯುವುದಕ್ಕೆ, ವರದಿ ತಯಾರಿಸುವುದಕ್ಕೆ, ಪಾಠದ ವಿಡಿಯೊ ನೋಡುವುದಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕಿಲ್ಲ. ಅದು ಭಾರ ಹೆಚ್ಚು, ಚಾರ್ಜರ್ ಇಟ್ಟಿಗೆಯಷ್ಟು ದಪ್ಪ, ಬ್ಯಾಟರಿಯಲ್ಲಿ ಆಟವಾಡಿದರೆ ಬಹಳ ಹೊತ್ತು ಬಾರದು. ದೊಡ್ಡ ಬ್ಯಾಟರಿ ಹಾಕಬಹುದಲ್ಲ ಎಂದರೆ ಅದಕ್ಕೂ ಮಿತಿಯಿದೆ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದದ್ದು 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿ ಮಾತ್ರ. ಆದ್ದರಿಂದ ಕಂಪನಿಗಳು 99ರ ಆಸುಪಾಸಿಗೇ ನಿಲ್ಲಿಸುತ್ತವೆ. ಮನೆಯಿಂದಲೇ ಕಾಲೇಜಿಗೆ ಹೋಗಿಬರುವವರಿಗೆ ಅದೇ ಹಣದಲ್ಲಿ ಡೆಸ್ಕ್‌ಟಾಪ್ ಕೊಂಡರೆ ಬಲವೂ ಹೆಚ್ಚು, ‘ಆಮೇಲೆ ಹಾಕಿಸಿಕೊಳ್ಳುವ’ ಮಾತೂ ಬಹುಪಾಲು ನಿಜವಾಗುತ್ತದೆ. ನಮ್ಮ ಹುಡುಗಿ ಹಾಸ್ಟೆಲ್ ಸೇರುವವಳು, ಮೂರು ಆಯಾಮದ ವಿನ್ಯಾಸ ಕಲಿಯಬೇಕೆಂಬ ಆಸೆಯವಳು. ಅಪ್ಪ ಒಪ್ಪಿದ. “ಆಟ ಆಡ್ಬೇಡ ಅನ್ನಲ್ಲ, ಆದ್ರೆ ಆಟಕ್ಕೇ ತಂದಿದ್ದು ಅಂತ ಅನ್ನಿಸ್ಬಾರದು” ಎಂದಷ್ಟೇ ಹೇಳಿದ.

ಡಿಸೆಂಬರ್‌ನ ಪಾಠ

ಎರಡನೆಯ ರ‍್ಯಾಮ್ ಪಟ್ಟಿಯನ್ನು ದೀಪಾವಳಿಗೆ ಕೊಳ್ಳುವುದೆಂದು ಮಾತಾಗಿತ್ತು. ಪರೀಕ್ಷೆ, ಊರು, ಹಬ್ಬ ಎಂದು ಮುಂದೆ ಹೋಗಿ ಡಿಸೆಂಬರ್ ಬಂತು. ಅಪ್ಪ, ಮಗಳು, ನಾನು ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಗೆ ಹೋದೆವು. ಎಸ್.ಪಿ. ರಸ್ತೆ ಎಂದರೆ ಕಂಪ್ಯೂಟರ್ ಬಿಡಿಭಾಗಗಳ ಸಂತೆ. ಮೂರು ಅಂಗಡಿ ಹತ್ತಿ ಇಳಿದರೆ ಬೆಲೆಯ ಅಂದಾಜು ಸಿಗುತ್ತದೆ. ಮೂರರಲ್ಲೂ ಒಂದೇ ಉತ್ತರ. ಜೂನ್‌ನಲ್ಲಿ ಕೇಳಿದ ಬೆಲೆ ಎರಡು ಪಟ್ಟು ದಾಟಿತ್ತು.

ಕೃತಕ ಬುದ್ಧಿಮತ್ತೆಗಾಗಿ ಜಗತ್ತಿನಾದ್ಯಂತ ಕಟ್ಟುತ್ತಿರುವ ದೈತ್ಯ ಡೇಟಾ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಳ್ಳತೊಡಗಿ, 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಎಲ್ಲೆಡೆ ಜಿಗಿದಿತ್ತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ಸರಕಿನ ವ್ಯವಹಾರವನ್ನೇ ಬಿಡುವುದಾಗಿ ಪ್ರಕಟಿಸಿತು. ಕೊಬ್ಬರಿ ಬೆಲೆಯ ಏರಿಳಿತ ಕಂಡಿದ್ದ ನನ್ನ ತಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. “ಮಾರೋರ ಕೈಲಿ ಮಾಲಿಲ್ಲ ಅಂದ್ರೆ ಹಿಂಗೇ ಅಣ್ಣ” ಎಂದ.

ನನ್ನ ಸಲಹೆ ಆ ಮಟ್ಟಿಗೆ ದುಬಾರಿಯಾಯಿತು, ಒಪ್ಪಲೇಬೇಕು. ಖಾಲಿ ಸ್ಲಾಟ್ ಎಂಬುದು ಅವಕಾಶ; ಅದು ಉಳಿತಾಯವೇ ಆಗುತ್ತದೆಂಬ ಖಾತರಿಯಿಲ್ಲ. ವರ್ಷದೊಳಗೆ ಬೇಕೇ ಬೇಕಾಗುವ ರ‍್ಯಾಮನ್ನು ಬೆಲೆ ಸಮವಾಗಿರುವಾಗಲೇ ಕೊಂಡುಬಿಡುವುದು ಜಾಣತನ. ಆದರೂ ಮೂಲ ಲೆಕ್ಕ ತಪ್ಪಲಿಲ್ಲ. ರ‍್ಯಾಮ್ ದುಬಾರಿಯಾದರೂ ಸಿಗುತ್ತಿತ್ತು. ಸಣ್ಣ ಗ್ರಾಫಿಕ್ಸ್ ತಂದಿದ್ದರೆ ಎಷ್ಟು ದುಡ್ಡು ಸುರಿದರೂ ಅದನ್ನು ಬದಲಿಸಲಾಗುತ್ತಿರಲಿಲ್ಲ.

ಪಟ್ಟಿ ಕೊಂಡು ಮನೆಗೆ ಬಂದೆವು. ಮುಖ್ಯ ಕಡತಗಳ ಪ್ರತಿ ತೆಗೆದಿಟ್ಟು, ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಕೈಯನ್ನು ಲೋಹಕ್ಕೆ ಮುಟ್ಟಿಸಿ ಸ್ಥಾಯಿ ವಿದ್ಯುತ್ ಕಳೆದುಕೊಂಡು, ಮ್ಯಾನ್ಯುಯಲ್ ನೋಡುತ್ತ ಅವಳೇ ಸ್ಕ್ರೂ ಬಿಚ್ಚಿದಳು. ಉದ್ದದ ಸ್ಕ್ರೂ ಒಂದು ಕಡೆ, ಗಿಡ್ಡದ್ದು ಇನ್ನೊಂದು ಕಡೆ. ಮುಚ್ಚಳ ತೆಗೆದವಳೇ ಮೊದಲು ಬ್ಯಾಟರಿಯ ತಂತಿ ಬಿಡಿಸಿದಳು. ಪಟ್ಟಿಯನ್ನು ಓರೆಯಾಗಿ ಸ್ಲಾಟಿಗೆ ಇಟ್ಟು, ಮೆಲ್ಲನೆ ಒತ್ತಿದಾಗ ಎರಡೂ ಕಡೆಯ ಕ್ಲಿಪ್ ಕಟ್ಟೆಂದು ಕೂತಿತು. ಬ್ಯಾಟರಿಯ ತಂತಿ ಮತ್ತೆ ಸೇರಿಸಿ, ಮುಚ್ಚಳ ಹಾಕಿ ಗುಂಡಿ ಒತ್ತಿದರೆ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇತ್ತು. ಹೊಸ ರ‍್ಯಾಮ್ ಹಾಕಿದಾಗ ಯಂತ್ರ ಅದನ್ನು ಪರೀಕ್ಷಿಸಿಕೊಳ್ಳುವ ಹೊತ್ತು ಅದು, ಹೆದರಬೇಕಿಲ್ಲ. ಆಮೇಲೆ ಪರದೆ ಬೆಳಗಿ, 32 ಜಿ.ಬಿ. ಎಂದು ತೋರಿಸಿತು.

ಇಷ್ಟು ಹೊತ್ತೂ ಮೊಬೈಲಿನ ಟಾರ್ಚ್ ಹಿಡಿದು ಮಗಳ ಕೈಯನ್ನೇ ನೋಡುತ್ತ ನಿಂತಿದ್ದ ಅಪ್ಪ ಟಾರ್ಚ್ ಆರಿಸಿದ. “ಲಕ್ಷ ರೂಪಾಯಿ ವಸ್ತುನ ಹಿಂಗೆ ಬಿಚ್ಚಿಬಿಟ್ಳಲ್ಲ ಅಂತ ಎದೆ ಹೊಡ್ಕೊಳ್ತಿತ್ತು ಅಣ್ಣ” ಎಂದ. ಸ್ವಲ್ಪ ಹೊತ್ತಾದ ಮೇಲೆ ಮಗಳನ್ನು ಕೇಳಿದ: “ನಮ್ಮನೆ ಹಳೇ ಕಂಪ್ಯೂಟರ್ ಒಂದು ಅಟ್ಟದ ಮೇಲೆ ಬಿದ್ದಿದ್ಯಲ್ಲ, ಅದಕ್ಕೂ ಏನಾದ್ರೂ ಹಾಕಬಹುದೇನಮ್ಮ?”