ಪಟ್ಟಿಯ ಮೊದಲ ಸಾಲು: ಚಪ್ಪಾಳೆ ತಟ್ಟಬೇಡಿ

ಶುಕ್ರವಾರ ರಾತ್ರಿ ಹನ್ನೊಂದು ಗಂಟೆ. ಆಫೀಸಿನ ಕೊನೆಯ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ್ದೇ ತಡ, ನಮ್ಮ ಫೋಟೋ ಗುಂಪಿನ ವಾಟ್ಸ್‌ಆ್ಯಪ್ ಟಣ್ ಟಣ್ ಅನ್ನೋಕೆ ಶುರು. ‘ಟ್ರೈಪಾಡ್ ಬೇಕಾ?’, ‘ಎಷ್ಟೊತ್ತಿಗೆ ಹೊರಡೋದು?’, ‘ಮದ್ದೂರು ವಡೆ ಹೋಗ್ತಾನಾ, ಬರ್ತಾನಾ?’

ಭಾನುವಾರ ನಾವು ಎಂಟು ಜನ ಬೆಂಗಳೂರಿನಿಂದ ಕೊಕ್ಕರೆ ಬೆಳ್ಳೂರಿಗೆ ಹೊರಟಿದ್ದೇವೆ. ಈ ಸಲ ಗುಂಪಿನ ಜವಾಬ್ದಾರಿ ನಂದು, ಹಾಗಾಗಿ ತಯಾರಿ ಪಟ್ಟಿಯೂ ನಂದೇ. ಅದರ ಮೊದಲ ಸಾಲು ಲೆನ್ಸ್ ಬಗ್ಗೆ ಅಲ್ಲ. ‘ಯಾರೂ ಚಪ್ಪಾಳೆ ತಟ್ಟಬಾರದು’ ಅಂತ ಬರೆದಿದ್ದೇನೆ. ಯಾಕೆ ಅಂದ್ರೆ ಹೋದ ವರ್ಷ ತಟ್ಟಿದವನು ನಾನೇ.

ಅಜ್ಜಿ ಬೈದ ಬೆಳಿಗ್ಗೆ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹಕ್ಕಿಗಳು ಇರೋದು ಕಾಡಿನಲ್ಲಲ್ಲ, ಮನೆಗಳ ನಡುವೆ. ಹುಣಸೆ, ಅರಳಿ ಮರಗಳ ಮೇಲೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತೆ, ಮಕ್ಕಳು ಆಡ್ತಿರ್ತಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಊರಿನವರು ಅದಕ್ಕೂ ಎಷ್ಟೋ ಮೊದಲಿನಿಂದ ಇವನ್ನು ನೋಡಿಕೊಂಡು ಬಂದಿದ್ದಾರೆ.

ಆವತ್ತು ನನಗೆ ಹಾರುವ ಕೊಕ್ಕರೆಯ ಫೋಟೋ ಬೇಕಿತ್ತು. ಅವೋ, ಸುಮ್ಮನೆ ಕೂತಿದ್ದವು. ಅರ್ಧ ಗಂಟೆ ಕಾದೆ. ತಾಳ್ಮೆ ಕೆಟ್ಟು ಜೋರಾಗಿ ಎರಡು ಸಲ ಚಪ್ಪಾಳೆ ತಟ್ಟಿದೆ. ಇಡೀ ಮರ ಎದ್ದು ಹಾರಿದ ಹಾಗಾಯ್ತು. ನಾನು ಖುಷಿಯಿಂದ ಬಟನ್ ಒತ್ತಿದ್ದೇ ಒತ್ತಿದ್ದು.

ಪಕ್ಕದ ಮನೆಯಿಂದ ಅಜ್ಜಿಯೊಬ್ಬರು ಹೊರಗೆ ಬಂದರು. “ಏನ್ಲಾ ಮಗಾ, ಬಾಣಂತಿ ಮನೆ ಮುಂದೆ ಹಿಂಗಾ ಸದ್ದು ಮಾಡೋದು? ನಿನ್ ಅಕ್ಕ ಹೆರಿಗೆಗೆ ಬಂದಿದ್ರೆ ಹಿಂಗೇ ತಟ್ತಿದ್ದಾ?”

ಈ ಹಕ್ಕಿಗಳನ್ನು ಊರಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ನೋಡುತ್ತಾರೆ. ಅಜ್ಜಿಯ ಮಾತಿನಲ್ಲಿ ಸೆಂಟಿಮೆಂಟ್ ಮಾತ್ರ ಇರಲಿಲ್ಲ. ಬಿಸಿಲೇರಿದಾಗ ದೊಡ್ಡ ಹಕ್ಕಿಗಳು ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಕೊಡುತ್ತವೆ. ಅವು ಹಾರಿಹೋದರೆ ಮರಿ ಬಿಸಿಲಿಗೆ, ಮೊಟ್ಟೆ ಕಾಗೆಗೆ. ಗಾಬರಿಯಲ್ಲಿ ಮರಿ ಗೂಡಿನಿಂದ ಕೆಳಗೆ ಬೀಳಲೂಬಹುದು. ಆವತ್ತು ಏನಾದರೂ ಬಿತ್ತಾ? ನಾನು ನೋಡಲಿಲ್ಲ. ಕ್ಯಾಮೆರಾ ಸ್ಕ್ರೀನ್ ನೋಡ್ತಾ ಇದ್ದೆ. ಮನೆಗೆ ಬಂದು ನೋಡಿದರೆ ತೆಗೆದ ನಲವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಲರ್. ಉಳಿದವನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಬ್ಯಾಗಿನ ಲೆಕ್ಕ

ಇನ್ನು ಸಾಮಾನಿನ ವಿಷಯ. ಬ್ಯಾಟರಿ ಎರಡು, ಎರಡೂ ಹಿಂದಿನ ರಾತ್ರಿಯೇ ಫುಲ್ ಚಾರ್ಜ್. ಹಳೇ ಫೋಟೋಗಳನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಕಾರ್ಡ್ ಖಾಲಿ ಮಾಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 30 ಎಂಬಿ ಅಂದುಕೊಂಡರೂ 64 ಜಿಬಿ ಕಾರ್ಡಿಗೆ ಎರಡು ಸಾವಿರ ಫೋಟೋ. ಸಾಕಲ್ವಾ ಅನ್ಸುತ್ತೆ. ಸೆಕೆಂಡಿಗೆ ಎಂಟರಂತೆ ಒತ್ತಿ ಹಿಡಿದರೆ ಅದು ಬರೀ ನಾಲ್ಕು ನಿಮಿಷದ ಲೆಕ್ಕ!

ಹಾರುವ ಹಕ್ಕಿಗೆ ಶಟರ್ ಸ್ಪೀಡ್ 1/1000ಕ್ಕಿಂತ ಕಡಿಮೆ ಬೇಡ. ನನ್ನ ಬ್ಲರ್‌ಗಳಿಗೆ ಕಾರಣ ಇದೇ. ಹಿನ್ನೆಲೆಯಲ್ಲಿ ಬೆಳಗುವ ಆಕಾಶ ಇದ್ದರೆ ಹಕ್ಕಿ ಕಪ್ಪಾಗಿ ಬರುತ್ತೆ, ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ದಟ್ಟ ಎಲೆಗಳಿದ್ದರೆ ಬಿಳಿ ಗರಿ ಸುಣ್ಣ ಬಳಿದ ಹಾಗಾಗುತ್ತೆ, ಆಗ ಇಳಿಸಿ. ಫೋನ್ ಮಾತ್ರ ತರುವವರು ಬೇಜಾರಾಗಬೇಡಿ. ಹಕ್ಕಿಯ ಹಿಂದೆ ಬೀಳೋದು ಬಿಟ್ಟು ಮರ, ಮನೆ, ಜನ ಎಲ್ಲ ಸೇರಿದ ಫ್ರೇಮ್ ಹುಡುಕಿ. ಈ ಊರಿನ ನಿಜವಾದ ಚಿತ್ರ ಅದೇ.

ಟೋಪಿ ಮರೀಬೇಡಿ. ಬಿಸಿಲಿಗಷ್ಟೇ ಅಲ್ಲ, ಮೇಲಿಂದ ಬೀಳೋ ಹಿಕ್ಕೆಗೂ! ಊರಿನವರಿಗೆ ಅದು ಹೊಲಕ್ಕೆ ಒಳ್ಳೇ ಗೊಬ್ಬರ, ನಮ್ಮ ಲೆನ್ಸಿಗೆ ಅಲ್ಲ.

ಗುಂಪಿನ ಒಪ್ಪಂದ

ಎಂಟು ಜನ ಅಂದರೆ ಎಂಟು ಕಾರಲ್ಲ, ಎರಡೇ ಕಾರು. ಊರಿನ ಹೊರಗೆ ನಿಲ್ಲಿಸಿ ನಡೆದು ಹೋಗೋದು. ಮರದ ಕೆಳಗೆ ಒಂದು ಸಲಕ್ಕೆ ಮೂರು ಜನ ಸಾಕು. ಫ್ಲ್ಯಾಶ್ ಇಲ್ಲ, ಡ್ರೋನ್ ಇಲ್ಲ, ಕಣ್ಣು ಕುಕ್ಕೋ ಬಟ್ಟೆ ಇಲ್ಲ. ಜಗುಲಿ ಮೇಲೆ ಕೂತವರ ಫೋಟೋ ಬೇಕಾದರೆ ಮೊದಲು ಮಾತು, ಆಮೇಲೆ ಕ್ಯಾಮೆರಾ. ಒಬ್ಬ ಗೆಳೆಯ ಕೇಳಿದ, “ಹಿಂಗೆಲ್ಲಾ ಮಾಡಿ ಒಳ್ಳೇ ಶಾಟ್ ಸಿಗದೇ ಇದ್ರೆ?” ಸಿಗದಿದ್ದರೆ ಇಲ್ಲ ಕಣೋ, ವಡೆ ತಿಂದು ವಾಪಸ್ ಬರೋಣ ಅಂದೆ. ಹಕ್ಕಿ ತಾನಾಗೇ ಹಾರುತ್ತೆ. ಮರಿಗೆ ಮೀನು ತರೋಕೆ ಹೋಗಲೇಬೇಕಲ್ಲ! ಕಾಯೋಕೆ ನಮಗೆ ಆಗಬೇಕು, ಅಷ್ಟೇ.

ಹೋದ ವರ್ಷ ಚಪ್ಪಾಳೆಗೂ ಮುಂಚೆ ತೆಗೆದ ಫೋಟೋ ಒಂದಿದೆ. ಅಜ್ಜಿಯ ಮನೆ, ಪಕ್ಕದಲ್ಲಿ ಹುಣಸೆ ಮರ, ಮರದ ತುಂಬಾ ಕೊಕ್ಕರೆ. ಅದರ ಪ್ರಿಂಟ್ ಹಾಕಿಸಿ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಅಜ್ಜಿಗೆ ನನ್ನ ಮುಖ ನೆನಪಿರುತ್ತೋ ಇಲ್ಲವೋ. ನೆನಪಿದ್ದರೆ ಮತ್ತೆ ಬೈಸಿಕೊಳ್ಳೋಕೂ ರೆಡಿ.

ನೀವೂ ಎಲ್ಲಾದರೂ ಗುಂಪು ಕಟ್ಟಿಕೊಂಡು ಹೊರಟಿದ್ದರೆ ಪಟ್ಟಿ ಮಾಡಿ. ಮೊದಲ ಸಾಲಿನಲ್ಲಿ ಏನು ಬರೀತೀರಿ ಅಂತ ಮಾತ್ರ ಒಂದು ನಿಮಿಷ ಯೋಚಿಸಿ.