ಸಿಹಿಖಾರದ ಸಾಮರಸ್ಯ
(ಬಾನುಲಿ ಭಾಷಣ)

ಅಡುಗೆಯ ವಿಷಯವಾಗಿ ಮಾತನಾಡಲು ನನಗೆ ಅಧಿಕಾರವೇನೂ ಇಲ್ಲ. ಮೂವತ್ತು ವರ್ಷ ಹುಡುಗರಿಗೆ ಸಾಹಿತ್ಯದ ಪಾಠ ಹೇಳಿದವನು ನಾನು. ಒಲೆಯ ಮುಂದೆ ನಿಂತದ್ದು ನಿವೃತ್ತನಾದ ಮೇಲೆ. ಆದರೂ ಈ ಹೊತ್ತು ಚೀನಾ ದೇಶದ ಒಂದು ಸಿಹಿಖಾರದ ಸಾಸನ್ನು ಮನೆಯಲ್ಲಿ ಮಾಡುವ ಬಗೆಯನ್ನು ತಮ್ಮ ಮುಂದೆ ನಿವೇದಿಸಲು ಹೊರಟಿದ್ದೇನೆ. ಸಾಸ್ ಎಂಬ ಮಾತಿಗೆ ಹೆದರಬೇಕಾಗಿಲ್ಲ. ನಮ್ಮ ಗೊಜ್ಜಿನ ದೂರದ ನಂಟ ಎಂದುಕೊಂಡರೆ ಸಾಕು.

ಇದಕ್ಕೆ ಕಾರಣಳಾದವಳು ನನ್ನ ಮೊಮ್ಮಗಳು. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತಷ್ಟೆ. ಆ ಸುದ್ದಿಯನ್ನು ನಾನು ಗಟ್ಟಿಯಾಗಿ ಓದಿದಾಗ ಅವಳು, “ತಾತ, ಬಣ್ಣ ಇಲ್ಲದೆ ಚೈನೀಸ್ ಸಾಸ್ ಮಾಡೋಕೇ ಆಗಲ್ವಾ?” ಎಂದು ಕೇಳಿದಳು. ಪ್ರಶ್ನೆ ಸಣ್ಣದು, ಉತ್ತರ ನನಗೆ ತಿಳಿದಿರಲಿಲ್ಲ. ಹುಡುಕುತ್ತ ಹೋದಾಗ ಮೊದಲು ಗೊತ್ತಾದದ್ದು, ಮಂಚೂರಿ ಎಂಬುದು ಮಂಚೂರಿಯಾ ಪ್ರಾಂತದ ತಿನಿಸೇ ಅಲ್ಲವೆಂಬುದು. ಆ ಹೆಸರಿನ ಕೋಳಿಯ ಅಡುಗೆಯನ್ನು 1975ರಲ್ಲಿ ಮುಂಬಯಿಯಲ್ಲಿ ಮೊದಲು ಮಾಡಿದವನು ತಾನೆಂದು ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಹೇಳಿಕೊಂಡಿದ್ದಾರೆ. ಅದು ನಮ್ಮ ನೆಲದಲ್ಲೇ ಹುಟ್ಟಿದ ಕೂಸು. ಹಾಗಾದರೆ ಚೀನಾದಲ್ಲಿಯೇ ಬೆಳೆದು ಬಂದ ಸಿಹಿಖಾರ ಯಾವುದು?

ನನಗೆ ದೊರೆತ ಉತ್ತರ ಸಿಚುವಾನ್ ಪ್ರಾಂತದ ಚೆಂಗ್ದು ನಗರದ್ದು. ಅಲ್ಲಿ ತಿಯೆನ್‌ಶುಯ್ ಮಿಯೆನ್ ಎಂಬ ತಿನಿಸೊಂದುಂಟು; ‘ಸಿಹಿನೀರಿನ ಶ್ಯಾವಿಗೆ’ ಎಂದು ಅದರ ಅರ್ಥ. ಊಟದ ಕಡ್ಡಿಯಷ್ಟು ದಪ್ಪನೆಯ ಗೋಧಿಯ ಎಳೆಗಳನ್ನು ಬೇಯಿಸಿ, ಅದರ ಮೇಲೆ ಸಿಹಿಯೂ ಖಾರವೂ ಆದ ಕಪ್ಪುಗೆಂಪಿನ ಸಾಸನ್ನು ಸುರಿಯುತ್ತಾರೆ. ಈ ಸಾಸಿನಲ್ಲಿ ಮಾಂಸವಿಲ್ಲ, ಮೀನಿಲ್ಲ, ಬಣ್ಣದ ಪುಡಿಯಿಲ್ಲ. ಸಿಹಿಯ ಭಾಗವನ್ನೂ ಖಾರದ ಭಾಗವನ್ನೂ ಬೇರೆ ಬೇರೆ ಸಿದ್ಧಪಡಿಸಿ, ಬಡಿಸುವ ಗಳಿಗೆಯಲ್ಲಿ ಕೂಡಿಸುವುದು ಇದರ ವಿಶೇಷ.

ಮೊದಲು ಸಿಹಿಯ ಭಾಗ. 200 ಮಿಲಿಲೀಟರ್ ಸೋಯಾ ಸಾಸಿಗೆ 100 ಮಿಲಿಲೀಟರ್ ನೀರು, 120 ಗ್ರಾಂ ಪುಡಿಮಾಡಿದ ಬೆಲ್ಲ, ಜಜ್ಜಿದ ಒಂದಂಗುಲ ಶುಂಠಿ, ಒಂದು ಚೂರು ಚಕ್ಕೆ, ಅರ್ಧ ಚಕ್ರಮೊಗ್ಗು, ಅರ್ಧ ಚಮಚ ಸೋಂಪು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಚೆಂಗ್ದುವಿನವರು ಬಳಸುವುದು ಕಬ್ಬಿನ ಕೆಂಪು ಸಕ್ಕರೆ; ನಮ್ಮ ಬೆಲ್ಲ ಅದಕ್ಕೆ ತೀರ ಹತ್ತಿರದ್ದು. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ದ್ರವ ಚಮಚದ ಬೆನ್ನಿಗೆ ತೆಳುವಾಗಿ ಅಂಟುತ್ತದೆ. ಆಗ ಇಳಿಸಿ ಸೋಸಿಬಿಡಬೇಕು. ಆರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗುವುದರಿಂದ ಪಾಕ ಬರಲೆಂದು ಕಾಯುವುದು ತಪ್ಪು. ಸೋಯಾ ಸಾಸನ್ನು ಕೊಳ್ಳುವಾಗ ಸೀಸೆಯ ಮೇಲಿನ ಬರಹವನ್ನು ಓದುವುದು ಒಳ್ಳೆಯದು. ನಿಜವಾದದ್ದು ಸೋಯಾ ಕಾಳು ಮತ್ತು ಗೋಧಿಗೆ ಒಂದು ಜಾತಿಯ ಬೂಷ್ಟನ್ನು ಹತ್ತಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕಳಿಯಿಸಿ ತೆಗೆದ ರಸ. ಅದರಲ್ಲಿಯೇ ಬೇಕಾದಷ್ಟು ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ರಕ್ತದೊತ್ತಡವಿರುವವರು ಇದನ್ನು ಮರೆಯಬಾರದು.

ಇನ್ನು ಖಾರದ ಭಾಗ, ಅಂದರೆ ಮೆಣಸಿನಕಾಯಿಯ ಎಣ್ಣೆ. ಸಿಚುವಾನಿನವರಿಗೆ ಖಾರಕ್ಕಿಂತ ಬಣ್ಣ ಮತ್ತು ಪರಿಮಳ ಹೆಚ್ಚಾಗಿರುವ ಮೆಣಸಿನಕಾಯಿ ಪ್ರಿಯ. ಅಂಥದ್ದನ್ನು ಹುಡುಕಿಕೊಂಡು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ನಮ್ಮ ಬ್ಯಾಡಗಿಯ ಗುಣವೂ ಅದೇ. 50 ಗ್ರಾಂ ಬ್ಯಾಡಗಿ ಮೆಣಸಿನಕಾಯಿಯನ್ನು ಹದವಾಗಿ ಹುರಿದು ತರಿತರಿಯಾಗಿ ಕುಟ್ಟಿ, ಒಂದು ಚಮಚ ಎಳ್ಳಿನೊಡನೆ ಒಣಗಿದ ಪಿಂಗಾಣಿ ಬಟ್ಟಲಿನಲ್ಲಿ ಹಾಕಿಡಬೇಕು. 250 ಮಿಲಿಲೀಟರ್ ಕಡಲೆಕಾಯಿ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ, ಒಲೆ ಆರಿಸಿ, ಕೆಲವು ನಿಮಿಷ ಬಿಡಬೇಕು. ಒಂದು ಚೂರು ಮೆಣಸಿನಕಾಯಿಯನ್ನು ಎಣ್ಣೆಗೆ ಹಾಕಿ ನೋಡಿ: ಕೂಡಲೆ ಕಪ್ಪಾದರೆ ಎಣ್ಣೆ ಅತಿಯಾಗಿ ಕಾದಿದೆ, ಸುಮ್ಮನೆ ಮುಳುಗಿದರೆ ಆರಿಹೋಗಿದೆ, ಸಣ್ಣಗೆ ಗುಳ್ಳೆಯೆದ್ದು ಕೆಂಪಾಗಿಯೇ ಉಳಿದರೆ ಹದ ಸರಿ. ಎಣ್ಣೆಯನ್ನು ಒಂದೇ ಸಲ ಸುರಿಯದೆ ಮೂರು ಸಲ, ನಡುನಡುವೆ ಆರಗೊಟ್ಟು, ಕಲಕುತ್ತ ಸುರಿಯಬೇಕು. ಮೊದಲನೆಯದು ಪರಿಮಳಕ್ಕೆ, ಎರಡನೆಯದು ಬಣ್ಣಕ್ಕೆ, ಮೂರನೆಯದು ಖಾರಕ್ಕೆ ಎಂದು ಅಲ್ಲಿನ ಬಾಣಸಿಗರ ಲೆಕ್ಕ. ಮೆಣಸಿನಕಾಯಿಯ ಖಾರವೂ ಬಣ್ಣವೂ ನೀರಿನಲ್ಲಿ ಕರಗುವುದು ಕಡಮೆ, ಎಣ್ಣೆಯಲ್ಲಿ ಕರಗುವುದು ಹೆಚ್ಚು. ಆದುದರಿಂದಲೇ ಒಂದು ರಾತ್ರಿ ಬಿಟ್ಟರೆ ಎಣ್ಣೆ ಮಾಣಿಕ್ಯದಂತೆ ಕೆಂಪಾಗುತ್ತದೆ. ಮೊಮ್ಮಗಳ ಪ್ರಶ್ನೆಗೆ ಇದೇ ಉತ್ತರ. ಬಣ್ಣವನ್ನು ಬೆರೆಸಬೇಕಾಗಿಲ್ಲ, ತಾಳ್ಮೆಯಿದ್ದರೆ ಅದೇ ಬಿಟ್ಟುಕೊಳ್ಳುತ್ತದೆ.

ಮೂರನೆಯದು ಒಂದು ಚಿಟಿಕೆಯ ವಸ್ತು. ಸಿಚುವಾನಿನಲ್ಲಿ ಹ್ವಾಜಿಯಾವ್ ಎಂಬ ಸಣ್ಣ ಕಾಯಿಯ ಸಿಪ್ಪೆಯನ್ನು ಹುರಿದು ಪುಡಿಮಾಡಿ ಉದುರಿಸುತ್ತಾರೆ. ಅದು ಖಾರವಲ್ಲ, ನಾಲಗೆಗೆ ಜೋಮು ಹಿಡಿಸುವಂಥದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಇದನ್ನು ತುಟಿಗೆ ಹಚ್ಚಿ ಪರೀಕ್ಷಿಸಿ, ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿದಂಥ ಅನುಭವವನ್ನು ಅದು ಕೊಡುತ್ತದೆಂದು 2013ರಲ್ಲಿ ಪ್ರಕಟಿಸಿದರು. ನಮ್ಮ ಪಶ್ಚಿಮಘಟ್ಟದ ಜುಮ್ಮನಕಾಯಿ, ಕೊಂಕಣಿಗರ ತಿರ್ಫಲ, ಇದೇ ಕುಲದ ಮರದ ಕಾಯಿ. ಪರಿಮಳ ಸ್ವಲ್ಪ ಬೇರೆಯಾದರೂ, ಬೀಜ ತೆಗೆದು ಸಿಪ್ಪೆಯನ್ನಷ್ಟೆ ಬಳಸಿದರೆ ಆ ಜುಮ್ಮು ದೊರೆಯುತ್ತದೆ.

ಹೆಸರುಗಳ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದೆಂದು ತಾವು ಬಲ್ಲಿರಿ. ಹೊಸದಾಗಿ ಬಂದ ಕಾಯಿಗೆ ಕನ್ನಡಿಗರು ತಮ್ಮ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಚೀನೀಯರು ಮಾಡಿದ್ದೂ ಅದನ್ನೇ. ತಮ್ಮ ಜುಮ್ಮಿನ ಕಾಯಿಯ ‘ಜಿಯಾವ್’ ಎಂಬ ಹೆಸರನ್ನು ಅದಕ್ಕೆ ಕೊಟ್ಟು, ಫಾನ್‌ಜಿಯಾವ್, ಅಂದರೆ ಪರದೇಶದ ಜಿಯಾವ್, ಎಂದರು. 1591ರ ತನ್ನ ಗ್ರಂಥದಲ್ಲಿ ಗಾವ್ ಲಿಯಾನ್ ಎಂಬ ಲೇಖಕ ಅದನ್ನು ನೋಡಲು ಚೆಂದವಾದ ಗಿಡವೆಂದು ವರ್ಣಿಸಿದ್ದಾನೆ. ಸಕ್ಕರೆಯ ಕಥೆ ಇನ್ನೂ ಹಳೆಯದು. ಕಬ್ಬಿನ ಹಾಲನ್ನು ಬತ್ತಿಸಿ ಸಕ್ಕರೆ ತೆಗೆಯುವ ವಿದ್ಯೆಯನ್ನು ಕಲಿತು ಬರಲು ತಾಂಗ್ ಚಕ್ರವರ್ತಿ ತೈಜೋಂಗ್ ಏಳನೆಯ ಶತಮಾನದಲ್ಲಿ ಮಗಧಕ್ಕೆ ದೂತರನ್ನು ಕಳುಹಿಸಿದನೆಂದು ಚೀನಾದ ಇತಿಹಾಸ ದಾಖಲಿಸಿದೆ. ಹೀಗೆ ಒಂದು ಬಟ್ಟಲಿನಲ್ಲಿ ಮೂರು ಭೂಭಾಗಗಳು ಕೂಡಿಕೊಂಡಿವೆ.

ಕೂಡಿಸುವ ಕ್ರಮ ಹೀಗೆ. ಒಬ್ಬರ ಬಟ್ಟಲಿಗೆ ಎರಡು ಚಮಚ ಸಿಹಿ ಸೋಯಾ, ಒಂದೂವರೆ ಚಮಚ ಮೆಣಸಿನಕಾಯಿಯ ಎಣ್ಣೆ ಗಸಿಯ ಸಮೇತ, ಅರ್ಧ ಚಮಚ ಅರೆದ ಎಳ್ಳು, ಜಜ್ಜಿದ ಎರಡೆಸಳು ಬೆಳ್ಳುಳ್ಳಿ, ಜುಮ್ಮನಕಾಯಿಯ ಒಂದು ಚಿಟಿಕೆ ಪುಡಿ. ಬೆಳ್ಳುಳ್ಳಿಯನ್ನು ಆಗಿಂದಾಗ ಜಜ್ಜಿಯೇ ಹಾಕಬೇಕು. ಎಣ್ಣೆಯಲ್ಲಿ ನೆನೆಸಿ ಹೊರಗೆ ಇಟ್ಟರೆ ಅದರಲ್ಲಿ ಪ್ರಾಣಕ್ಕೆ ಎರವಾಗುವ ವಿಷ ಹುಟ್ಟಬಹುದು.

ಇಷ್ಟನ್ನು ತಿಳಿದು ಹೇಳುತ್ತಿರುವ ನಾನು ಮೊದಲ ಸಲ ಎಣ್ಣೆಯನ್ನು ಹೊಗೆಯಾಡುತ್ತಿರುವಾಗಲೇ ಸುರಿದು, ಮನೆಯವರನ್ನೆಲ್ಲ ಕೆಮ್ಮಿಸಿ ಬೀದಿಗೆ ಓಡಿಸಿದೆ. ಎರಡನೆಯ ಸಲ ಖಾರಕ್ಕೆ ಅಂಜಿ ಬೆಲ್ಲವನ್ನು ಇಮ್ಮಡಿ ಹಾಕಿದೆ. ಮಗ ತಿಂದು, “ಚೆನ್ನಾಗಿದೆ ಅಪ್ಪ” ಎಂದ. ಸೊಸೆ, “ಹೋಟೆಲಿನದಕ್ಕಿಂತ ಚೆನ್ನಾಗಿದೆ ಮಾವ” ಎಂದಳು. ನನ್ನಾಕೆ ತಲೆಯಾಡಿಸಿದಳು. ನಾನು ಹಿಗ್ಗಿದೆ. ಆಗ ಮೊಮ್ಮಗಳು, “ತಾತ, ಪಾಯಸಕ್ಕೆ ಖಾರದ ಪುಡಿ ಬಿದ್ದ ಹಾಗಿದೆ” ಎಂದಳು. ಊಟದ ಮನೆ ಒಮ್ಮೆಲೇ ಮೌನವಾಯಿತು. ಎಲ್ಲರೂ ನನ್ನ ಮುಖ ನೋಡಿದರು. ಆ ನೋಟದಲ್ಲಿದ್ದದ್ದು ಅಂಜಿಕೆ. ಅದು ನನಗೆ ಅರ್ಥವಾಗಲು ಅರವತ್ತು ದಾಟಬೇಕಾಯಿತು.

ಆ ರಾತ್ರಿ ನೆನಪಾದದ್ದು ಜುವೊ ಜುವಾನ್ ಎಂಬ ಪ್ರಾಚೀನ ಚೀನೀ ಗ್ರಂಥದ ಒಂದು ಪ್ರಸಂಗ. ಕ್ರಿಸ್ತಪೂರ್ವ 522ರಲ್ಲಿ ನಡೆದದ್ದೆಂದು ಅದು ಹೇಳುತ್ತದೆ. ಚೀ ರಾಜ್ಯದ ಜಿಂಗ್ ದೊರೆ, ತನ್ನೊಡನೆ ಸಾಮರಸ್ಯದಿಂದಿರುವವನು ತನ್ನ ಮೆಚ್ಚಿನ ಲಿಯಾಂಗ್‌ಚಿಯು ಜು ಒಬ್ಬನೇ ಎಂದಾಗ, ಮಂತ್ರಿ ಯಾನ್ ಯಿಂಗ್ ಒಪ್ಪಲಿಲ್ಲ. ಅವನದು ಸಾಮರಸ್ಯವಲ್ಲ, ಬರಿಯ ಅನುಕರಣ ಎಂದ. ಸಾಮರಸ್ಯವೆಂಬುದು ಸಾರು ಮಾಡಿದಂತೆ: ನೀರು, ಬೆಂಕಿ, ಹುಳಿ, ಉಪ್ಪು ಒಂದನ್ನೊಂದು ತಿದ್ದಬೇಕು, ಕಡಮೆಯಾದದ್ದನ್ನು ತುಂಬಿ ಹೆಚ್ಚಾದದ್ದನ್ನು ತಗ್ಗಿಸುವವನೇ ಬಾಣಸಿಗ. ದೊರೆ ಸರಿಯೆಂದದ್ದರಲ್ಲಿ ತಪ್ಪಿದ್ದರೆ ಅದನ್ನು ತೋರಿಸುವವನೇ ಮಂತ್ರಿ. ನೀರಿಗೆ ನೀರು ಬೆರೆಸಿದರೆ ಅದನ್ನು ಉಣ್ಣುವವರು ಯಾರು ಎಂಬುದು ಅವನ ವಾದದ ತಿರುಳು.

ನಮ್ಮ ಸಾಮರಸ್ಯ ಎಂಬ ಮಾತಿನೊಳಗೂ ರಸವೇ ಇದೆ. ಅದನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ; ನನ್ನ ಮನೆಯಲ್ಲಿ ಅದು ಇಲ್ಲವೆಂಬುದು ತಿಳಿಯಲು ಒಂದು ಬಟ್ಟಲು ಸಾಸು ಬೇಕಾಯಿತು. ಇಷ್ಟು ವರ್ಷ ನನ್ನ ಊಟದ ಮನೆಯಲ್ಲಿ ನೀರಿಗೆ ನೀರನ್ನೇ ಬೆರೆಸುತ್ತಿದ್ದರು. ಬೆರೆಸುವಂತೆ ಮಾಡಿದವನು ನಾನೇ.

ಮರುದಿನ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೂರನೆಯ ಸಲ ಮಾಡಿದೆ. ಈಗ ತಮಗೆ ಹೇಳಿದ ಅಳತೆಗಳು ಅಂದು ಅವಳ ನಾಲಗೆಯಿಂದ ನಿಶ್ಚಯವಾದವು. ಬಡಿಸಿದಾಗ ನನ್ನಾಕೆ ಒಂದು ತುತ್ತು ತಿಂದು, ಸ್ವಲ್ಪ ತಡೆದು, “ಶುಂಠಿ ಸ್ವಲ್ಪ ಹೆಚ್ಚಾಯ್ತು ಅಂದ್ರೆ” ಎಂದಳು.

ನಿಜ, ಹೆಚ್ಚಾಗಿತ್ತು.