ಕಾರ್ಡಿನ ಮೇಲಿನ ‘ಶ್ರೀ’ ಎಲ್ಲಿ ಹೋಯಿತು?

ಶ್ರೀನಿವಾಸಪುರದ ಮಾವಿನ ಮಂಡಿಯವರೊಬ್ಬರು ಮನೆಯ ಕಂಪ್ಯೂಟರಿನಲ್ಲೇ ವರ್ಡ್ ತೆರೆದು ತಮ್ಮ ವಿಸಿಟಿಂಗ್ ಕಾರ್ಡನ್ನು ತಾವೇ ಮಾಡಿಕೊಂಡರು ಎನ್ನಿ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದಾಯಿತು, ಪರದೆಯ ಮೇಲೆ ಎಲ್ಲ ಚೆಂದವಾಗಿಯೇ ಕಂಡಿತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕೋಲಾರದ ಜೆರಾಕ್ಸ್ ಅಂಗಡಿಗೆ ಹೋಗಿ ತೆರೆಸಿದರೆ, ಊರಿನ ಹೆಸರಿದ್ದ ಕಡೆ ಗಣಿತದ ವರ್ಗಸೂಚಕ ಪುಟ್ಟ 2, ಜಪಾನಿನ ಯೆನ್ ಚಿಹ್ನೆ, ನೆತ್ತಿಯ ಮೇಲೆ ಗೀರು ಹೊತ್ತ ಇಂಗ್ಲಿಷ್ ‘ಎ’! ಅಂಗಡಿಯವರ ತೀರ್ಪು ಸಿದ್ಧವಾಗಿರುತ್ತದೆ: ‘ವೈರಸ್ ಬಂದೈತೆ ಸಾರ್.’

ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಫೈಲಿನೊಳಗೆ ಮೊದಲಿನಿಂದಲೂ ಇದ್ದದ್ದು ಆ ಚಿಹ್ನೆಗಳೇ.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ರೋಮನ್ ಲಿಪಿಯ ಮನೆಗಳಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟವು. ಅದೂ ಹೆಚ್ಚಾಗಿ ಇಡೀ ಅಕ್ಷರಗಳನ್ನಲ್ಲ, ಅವುಗಳ ತುಂಡುಗಳನ್ನು. ಇಂಗ್ಲಿಷ್ ‘ಪಿ’ಯ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’, ಯೆನ್ ಚಿಹ್ನೆಯ ಮನೆಯಲ್ಲಿ ತಲೆಕಟ್ಟಿಲ್ಲದ ‘ಪ’. ತಲೆಕಟ್ಟಿಗೆ ಪ್ರತ್ಯೇಕ ಮನೆ, ಅದೇ ಆ ಗೀರು ಹೊತ್ತ ‘ಎ’. ‘ಶ್ರೀ’ಯ ಕಥೆ ಇನ್ನೂ ಸೊಗಸು. ವರ್ಗಸೂಚಕದ ಮನೆಯಲ್ಲಿ ‘ಶಿ’, ಅದಕ್ಕೊಂದು ರಕಾರದ ಒತ್ತು, ಕೊನೆಗೊಂದು ದೀರ್ಘ. ಮೂರೂ ಅಕ್ಕಪಕ್ಕ ನಿಂತಾಗ ಕಣ್ಣು ಅದನ್ನು ‘ಶ್ರೀ’ ಎಂದು ಓದಿಕೊಳ್ಳುತ್ತದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬಾಡಿಗೆದಾರರು ಕಾಣುವುದಿಲ್ಲ, ಮನೆಯ ಮೂಲ ಮಾಲೀಕರೇ ಹೊರಬರುತ್ತಾರೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟು ಹಾಕಿ ನೋಡಿದರೂ ಪ್ರಯೋಜನವಿಲ್ಲ, ಅಲ್ಲಿನ ಮನೆ ಹಂಚಿಕೆಯೇ ಬೇರೆ.

ಒಂದೊಂದು ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಸ್ವಂತ ಮನೆಯಾಯಿತು. 1991ರ ಮೊದಲ ಆವೃತ್ತಿಯಲ್ಲೇ 3200ನೆಯ ಸಂಖ್ಯೆಯಿಂದ 128 ಮನೆಗಳ ಸಾಲು ಕನ್ನಡಕ್ಕೆ ಮೀಸಲಾಗಿತ್ತು. ಇಲ್ಲಿ ‘ಶ್ರೀ’ ಎಂದರೆ ಶ, ಹಲಂತ, ರ, ಈಕಾರ ಹೀಗೆ ನಾಲ್ಕು ಸಂಕೇತ; ಬೆಸೆಯುವ ಕೆಲಸ ಫಾಂಟಿನದು. ತೆಲುಗೂ ಬಲ್ಲ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಖುಷಿ ಕೊಡುವ ಸಂಗತಿಯೊಂದಿದೆ: ತೆಲುಗಿನ ಸಾಲು ಕನ್ನಡದ ಹಿಂದುಗಡೆಯೇ ಇದೆ. ಕನ್ನಡದ ‘ಶ’ 3254, ತೆಲುಗಿನದು 3126. ಹೀಗೆ ಸಮಾನ ಅಕ್ಷರಗಳ ನಡುವೆ ಸರಿಯಾಗಿ 128ರ ಅಂತರ. ಗಡಿಯಾಚೆಯ ಮದನಪಲ್ಲಿಯ ಗಿರಾಕಿಗಾಗಿ ಕಾರ್ಡಿನ ಹಿಂಬದಿಗೆ ತೆಲುಗಿನಲ್ಲಿ ಹೆಸರು ಹಾಕಬೇಕೆಂದರೆ, ಹೆಚ್ಚುಕಡಿಮೆ ಬರೀ ಕಳೆಯುವ ಲೆಕ್ಕದಲ್ಲೇ ಕೆಲಸ ಮುಗಿಯುತ್ತದೆ.

ಹೆಸರಿಗೆ ಒಂದಕ್ಷರ ಸೇರಿಸಿದರೆ ವ್ಯಾಪಾರ ಕುದುರುತ್ತದೆ ಎನ್ನುವ ಸಂಖ್ಯಾಶಾಸ್ತ್ರದವರು ಇಲ್ಲಿ ಸ್ವಲ್ಪ ಉತ್ತರ ಹೇಳಬೇಕು. ‘ಶ್ರೀ’ ಕಣ್ಣಿಗೆ ಒಂದು, ಹಳೆಯ ನುಡಿಗೆ ಮೂರು, ಯೂನಿಕೋಡಿಗೆ ನಾಲ್ಕು. ಅದೃಷ್ಟ ಯಾವ ಎಣಿಕೆಗೆ ಒಲಿಯುತ್ತದೋ? ಜನರಿಂದ ದುಡ್ಡು ಕಿತ್ತು ಹೆಸರು ಕೆಡಿಸುವುದಷ್ಟೇ ಆ ಶಾಸ್ತ್ರದ ಸಾಧನೆ.

ಕಾರ್ಡು ಮಾಡುವುದೇನೂ ಕಷ್ಟವಲ್ಲ. ಎ4 ಹಾಳೆಯಲ್ಲಿ ಎರಡು ಕಾಲಂ, ಐದು ಸಾಲಿನ ಟೇಬಲ್ಲು ಹಾಕಿದರೆ 89 ಮಿ.ಮೀ. ಅಗಲ, 51 ಮಿ.ಮೀ. ಎತ್ತರದ ಹತ್ತು ಕಾರ್ಡು ಆರಾಮವಾಗಿ ಕೂರುತ್ತವೆ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಹಳೆಯ ಫೈಲಿಗೆ ಪರಿವರ್ತಕವೂ ಇದೆ. ಅಂಗಡಿಗೆ ಒಯ್ಯುವುದಾದರೆ ವರ್ಡ್ ಫೈಲಿನ ಬದಲು ಪಿಡಿಎಫ್ ಮಾಡಿ, ಫಾಂಟನ್ನು ಅದರೊಳಗೇ ಸೇರಿಸಿ ಒಯ್ಯುವುದು ಲೇಸು. ಪ್ರಿಂಟು ಕೊಡುವಾಗ ‘ಫಿಟ್ ಟು ಪೇಜ್’ ತೆಗೆದು ನೂರು ಪರ್ಸೆಂಟ್ ಇಡಬೇಕು. ಇಲ್ಲದಿದ್ದರೆ ಹಾಳೆಯೆಲ್ಲ ಒಂದಿಷ್ಟು ಕುಗ್ಗಿ, ಕತ್ತರಿಸಲೆಂದು ಹಾಕಿದ ಅಳತೆ ಹತ್ತೂ ಕಾರ್ಡಿನಲ್ಲಿ ತಪ್ಪುತ್ತದೆ.